ನೀಲಿ ಕೈ

ತೂಕದ ದಿನ ಕೌಲ್ ಬಜಾರಿನಲ್ಲಿ
ಆಟೋದ ಮೈಕು ಕಸಿದುಕೊಂಡು ಗಾದಿಲಿಂಗ ಅಂದ:
"ರಾಯಚೂರಿಂದ ಅಕ್ಕಿಮೂಟೆ ಬಂದೈತಿ,
ನಾಳೆ ಬಿಚ್ಚಿ ನುಚ್ಚು ಮಾಡಿ ಕಳಸ್ತೀನಿ.
ಲೇ, ಬುತ್ತಿ ತಂದಿದ್ರ ಇವತ್ತ ಉಂಡುಬಿಡು,
ನಾಳೆ ಹಲ್ಲು ಇರಂಗಿಲ್ಲ."

ತೊಂಬತ್ತೆಂಟು ಕಿಲೋದ ಆ ಮೂಟೆ ನಾನೇ.

ಮುಷ್ಟಿ ಎತ್ತಿದ. ಮೊಣಕೈತನಕ ನೀಲಿ.
"ಹೋದ ಸಲ ಬಡಿಸ್ಕೊಂಡವನ ಮೈಯಿಂದು,
ತೊಳದ್ರೂ ಹೋಗವಲ್ದು!"
ಜನ ಸಿಳ್ಳೆ ಹೊಡೆದರು.
ಜೀನ್ಸಿಗೆ ಬಣ್ಣ ಕಟ್ಟುವ ತೊಟ್ಟಿಯಲ್ಲಿ
ಹನ್ನೊಂದು ವರ್ಷ ಅದ್ದಿದ ಕೈ ಅದು, ಅವರಿಗೂ ಗೊತ್ತು.
ಸಿಳ್ಳೆ ಹಾಕಿದ ಬೆರಳೂ ಅದೇ ಬಣ್ಣ.

ನಾನೂ ಏನಾದರೂ ಅನ್ನಬೇಕಿತ್ತು.
ರೈಲಿನಲ್ಲಿ ಬಾಯಿಪಾಠ ಮಾಡಿದ್ದ ಬೈಗುಳ
ಮೈಕು ಕೈಗೆ ಬಂದೊಡನೆ
"ಎಲ್ಲರಿಗೂ ನಮಸ್ಕಾರ" ಆಗಿಬಿಟ್ಟಿತು.

ಎರಡನೇ ಸುತ್ತಿನಲ್ಲಿ ಉಸಿರು ಸಾಲದೆ ತೆಕ್ಕೆಬಿದ್ದೆವು,
ನೊಗ ಇಳಿಸಿದ ಎತ್ತುಗಳ ಹಾಗೆ
ಕತ್ತಿಗೆ ಕತ್ತು ಆನಿಸಿ.
ಅವನ ಬೆವರಿನಲ್ಲೂ ಬ್ಲೀಚಿಂಗ್ ಪೌಡರಿನ ವಾಸನೆ.
ಕಿವಿಯ ಹತ್ತಿರ ಬೇರೆಯೇ ದನಿ,
ಮೈಕು ಎಂದೂ ಕೇಳಿರದ್ದು:
"ನಿಮ್ಮವ್ವನ ಕಣ್ಣಿನ ಪಟ್ಟಿ ಬಿಚ್ಚಿದ್ರಾ?
ಕಾಣ್ತೈತಾ ಈಗ?"

ಹಲ್ಲಿನ ಕಾಪು ಬಾಯಿತುಂಬ, ಮಾತು ಹೊರಡದು.
ಹೂಂ ಅಂತ ಗದ್ದ ಎತ್ತಿದೆ.

ಅಲ್ಲೇ ಬಿತ್ತು.

ಕೇಳಿದ್ದು ಕಕ್ಕುಲಾತಿಯೋ, ಏಟಿನ ಮೊದಲರ್ಧವೋ,
ಗುಂತಕಲ್ಲು ದಾಟಿದರೂ ತಿಳಿಯಲಿಲ್ಲ.

ಮನೆಯಲ್ಲಿ "ಗಾದಿಲಿಂಗ ನಿನ್ನ ಕೇಳ್ದ" ಅಂದೆ.
"ಬಾಯಿಬಡಕ ಅಂತಿದ್ದೆಲ್ಲ, ಎಷ್ಟು ಒಳ್ಳೇ ಹುಡುಗ!"
ಅವ್ವ ಹೊಸ ಕಣ್ಣಿಂದ ನನ್ನ ದವಡೆ ನೋಡಿದಳು,
ಸೆರಗಿನ ತುದಿ ಒದ್ದೆ ಮಾಡಿಕೊಂಡು
ಒರೆಸತೊಡಗಿದಳು,
ಏನೋ ಬಣ್ಣ ಅಂಟಿದೆ ಎಂದು.