ನನಗಂತ ಹೇಳಿದ್ದು

ಬೆಟಗೇರಿ ನೇಕಾರ ಓಣಿಗೆ ನಳ ಬರೂದು
ಹತ್ತು ದಿನಕ್ಕೊಮ್ಮೆ, ಅದೂ ಸರಹೊತ್ತಿನಾಗ.
ಕೊಡದ ಪಾಳೇದಾಗ ನನ್ನ ಹಿಂದ ನಿಂತು
ಕಸ್ತೂರೆವ್ವ ಸೆರಗು ನನ್ನ ಮೂಗಿಗೆ ಹಿಡದ್ಲು:
"ಮೂಸಿ ನೋಡ, ಹೊಸಾ ಪುಡಿ. ಕೈ ಉರಿಯಂಗಿಲ್ಲ.
ನೀ ಅಂತ ಹೇಳಾಕತ್ತೇನಿ."

ನಾ ಅಂತ ಹೇಳಿದ್ದು.
ಅದಕ್ಕ ತಂದೆ.
ಟಿವ್ಯಾಗಿನಾಕಿ ಹೇಳಿದ್ರ ನಾ ತರಾಕಿ ಅಲ್ಲ.

ಕೈ ಉರೀಲಿಲ್ಲ, ಖರೆ. ಅರಿವಿ ಹೊಲಸೂ ಹೋಗಲಿಲ್ಲ.
ನನ್ನ ರಟ್ಟಿ ಕಸುವು ಸಾಲದೇನೋ ಅಂತ
ಮತ್ತೀಟು ತಿಕ್ಕಿದೆ.

ಶ್ರಾವಣದಾಗ ಒಂದು ವಾಟಗಾ ಸಕ್ರಿ ಕಡಾ ಕೇಳಾಕ ಹೋದ್ರ
ಆಕಿ ಮಗ್ಗದ ಬಾಜೂಕ ಪುಡಿ ಪಾಕೀಟಿನ ಡಬ್ಬಿ,
ಮ್ಯಾಲೊಂದು ವಹಿ:
ಹದಿನೆಂಟು ಮನಿ ಹೆಸರು, ಮನಿಗೆ ಹತ್ತು ರೂಪಾಯಿ.
ನನ್ನ ಹೆಸರಿನ ಮುಂದ ಟಿಕ್ಕು.
ಸಕ್ರಿ ಇಸಗೊಳ್ಳದ ಬಂದೆ.

ಈಗ ಓಣ್ಯಾಗ ಆ ಪುಡಿ ಯಾರೂ ಮುಟ್ಟಂಗಿಲ್ಲ.
ಕಿರಾಣಿ ಫಕೀರೇಶಿ ಎರಡು ಪಾಕೀಟಿಗೆ
ಒಂದು ಬಕೀಟು ಪುಕ್ಕಟ ಅಂದ;
ಬಕೀಟೂ ಅಲ್ಲೇ ಕುಂತಾವ, ಧೂಳ ತುಂಬಿಸಿಕೊಂಡು.
ಕಂಪನಿಗೆ ಲುಕ್ಸಾನಾತೋ ಇಲ್ಲೋ, ಯಾರು ಕೇಳಾವ್ರು?
ನಾವು ಹಳೇ ಬಾರ್ ಸಾಬೂನಿಗೆ ಬಂದ್ವಿ.

ನಿನ್ನೆ ರಾತ್ರಿ ಮತ್ತ ನಳ.
ಬಗಲಾಗ ನನ್ನ ಸಣ್ಣಾಕಿ ಕೆಮ್ಮಾಕತ್ತಿದ್ಲು.
ಕಸ್ತೂರೆವ್ವ ನನ್ನ ಮಾರಿ ನೋಡದ ಅಂದ್ಲು:
"ದೊಡ್ಡಪತ್ರಿ ಎಲಿ ಬಾಡಿಸಿ ರಸಾ ಹಾಕು.
ನಮ್ಮವ್ವ ಹಾಕತಿದ್ಲು."

ಆಕಿ ಅವ್ವನ್ನ ನಾ ಬಲ್ಲೆ.
ಎಲಿ ಹೊಗಳಿದ್ರ ರೊಕ್ಕ ಕೊಡಾವ್ರು ಯಾರೂ ಇಲ್ಲ, ಅದೂ ಬಲ್ಲೆ.
ಆದರೂ ನಾ
"ಹ್ಞೂಂ" ಅನ್ನೂದ್ರಾಗ
ಕೊಡ ತುಂಬಿ ಹೊರಗ ಚೆಲ್ಲಾಕತ್ತಿತ್ತು.