ಬೂಟಿನ ಡಬ್ಬ

ಮದರ್‌ಬೋರ್ಡು ಮುಚ್ಚಿಹೋದ ಕೆಫೆಯದು.
ರ‍್ಯಾಮ್ ಎರಡು ತುಂಡು, ಒಂದು ಮಹಾ ಮೊಂಡು.
ಕ್ಯಾಬಿನೆಟ್ಟಿನ ಹೊತ್ತಿಗೆ ದುಡ್ಡು ಮುಗಿದು
ಅಪ್ಪನ ಬೂಟಿನ ಡಬ್ಬಕ್ಕೇ
ಕತ್ತರಿಯಲ್ಲಿ ಕಿಟಕಿ ಕೊರೆದಳು ಸೊಲೊಂಗೊ.

ಹೊರಗೆ ಉಲಾನ್‌ಬಾತರ್,
ಸೊನ್ನೆಗಿಂತ ಮೂವತ್ತು ಕೆಳಗೆ.
"ಫ್ಯಾನಿಗೂ ದುಡ್ಡು ಕೊಟ್ಟೆಯಾ?
ಬಾಗಿಲು ತೆಗೆದಿದ್ದರೆ ಸಾಕಿತ್ತು,"
ಒಲೆಗೆ ಕಲ್ಲಿದ್ದಲು ತುಂಬುತ್ತ ಅಜ್ಜಿ.

ಪವರ್ ಬಟನ್ನೂ ಇಲ್ಲ.
ಸ್ಕ್ರೂಡ್ರೈವರಿನ ಮೂತಿಯಿಂದ
ಎರಡು ಪಿನ್ನು ಮುಟ್ಟಿಸಿದಳು,
ಕೊನೆಯ ಬೆಂಕಿಕಡ್ಡಿ ಗೀರುವವಳಂತೆ.

ಪೀಂ ಪೀಂ ಪೀಂ.
ಮೊಂಡನ ತಗಾದೆ.
ಕಿತ್ತು, ರಬ್ಬರಿನಿಂದ ತಿಕ್ಕಿ,
ಉಫ್ ಎಂದು ಊದಿ, ಒತ್ತಿ, ಮತ್ತೆ

ಪೀಂ.
ಒಂದೇ ಒಂದು.

ಪರದೆ ಮುಂದಿನ ಸಂಬಳಕ್ಕೆ.
ಕತ್ತಲ ಗೋಡೆಯನ್ನೇ ನೋಡುತ್ತ ಕೂತಳು, ನಗುತ್ತ.
ಅಜ್ಜಿ ತನ್ನ ಒದ್ದೆ ಕೈಗವಸು ತಂದು
ಡಬ್ಬದ ಬಿಸಿಗಾಳಿಗೆ ಹಿಡಿದಳು:
"ಸದ್ಯ, ಇಷ್ಟಕ್ಕಾದರೂ ಆಯಿತಲ್ಲ."