ಒಂದೇ ತಂತಿಯ ಮೇಲೆ ಇಬ್ಬರು

ಕಪನೂರಿನ ಬೇಳೆ ಮಿಲ್ಲಿನಲ್ಲಿ ಹದಿನೈದು ದಿನದಿಂದ
ಒಂದು ಸಪ್ಪಳ.
ರಾತ್ರಿ ಪಾಳಿಯಲ್ಲಿ ಮಾತ್ರ. ಟಕ್ ಟಕ್, ತುಸು ತಡೆದು ಮತ್ತೊಂದು ಟಕ್.
ಹುಸೇನಸಾಬ ಮಿಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ
ಮೊನೆಯನ್ನು ಒಂದೊಂದೇ ಬೇರಿಂಗಿಗೆ ಮುಟ್ಟಿಸಿ
ತಲೆಯಾಡಿಸಿದ:
‘ಇದರ ಹೊಟ್ಟ್ಯಾಗ ಇಲ್ಲ. ಅದರ ಹೊಟ್ಟ್ಯಾಗೂ ಇಲ್ಲ.’

ಸೇಠರು ನನ್ನನ್ನು ಕರೆಸಿದರು.

ನನ್ನ ಚೀಲದಲ್ಲಿ ನಾಲ್ಕು ಮೈಕು,
ಒಂದೊಂದೂ ತೊಗರಿಕಾಳಿಗಿಂತ ಸಣ್ಣದು,
ಸೂಜಿ ಚುಚ್ಚಿದಷ್ಟೇ ಕಿವಿ.
ಬೆಂಕಿಪೊಟ್ಟಣದಷ್ಟು ಬೋರ್ಡು, ಅದರ ನಡುವೆ ಚಿಪ್ಪು,
ಕೆಳಗೆ ಬ್ಯಾಟರಿ.
ನಾಲ್ಕಕ್ಕೂ ಗಡಿಯಾರ ಒಂದೇ; ಇಲ್ಲದಿದ್ದರೆ
ಯಾರು ಮೊದಲು ಕೇಳಿದರು ಎಂಬುದೇ ಜಗಳ.
ದಾರಿ ಮಾತ್ರ ಎರಡೆರಡಕ್ಕೆ ಒಂದು.
ಕರಾರು ಇಷ್ಟೇ: ಗೆರೆ ಕೆಳಗಿದ್ದಾಗ ಎಡದವಳು ಮಾತಾಡಬೇಕು,
ಮೇಲೆದ್ದಾಗ ಬಲದವಳು.
ಸರದಿ ಮುಗಿದೊಡನೆ ತಂತಿ ಬಿಟ್ಟು
ಕೈಕಟ್ಟಿ ನಿಲ್ಲಬೇಕು.
ಸೆಕೆಂಡಿಗೆ ಹದಿನಾರು ಸಾವಿರ ಸಲ ಈ ಮರ್ಯಾದೆ.
ನಮ್ಮ ಮನೆಯಲ್ಲಿ ದಿನಕ್ಕೊಮ್ಮೆ ಆಗಿದ್ದರೂ ಸಾಕಿತ್ತು.

ಮೊದಲ ರಾತ್ರಿ ಸಿಕ್ಕಿದ್ದು ಬರೀ ಗೊರಗೊರ.
ಎರಡನೆಯ ಮೈಕಿನ ಒಂದು ಕಾಲನ್ನು
ಎಲ್ಲಿಗೂ ಬೆಸೆಯದೆ ಬಿಟ್ಟಿದ್ದೆ.
ತಾನು ಎಡವೋ ಬಲವೋ ತಿಳಿಯದೆ ಅದು
ಪಕ್ಕದವಳ ಮಾತಿನ ಮೇಲೆ ಮಾತಾಡುತ್ತಿತ್ತು.

ಎರಡನೆಯ ರಾತ್ರಿ ಹೊಟ್ಟಿನ ಧೂಳು
ನಾಲ್ಕೂ ಕಿವಿಗಳಿಗೆ ಬೆಣೆ ಹೊಡೆದಿತ್ತು.
ಕಾಳು ಹಸನು ಮಾಡುವ ಲಾಲಬಿ
ಹಳೇ ಓಢಣಿಯ ತುದಿ ಹರಿದು
ನಾಲ್ಕು ಚೂರು ಮಾಡಿ, ದಾರ ಸುತ್ತಿಕೊಟ್ಟಳು:
‘ಧೂಳು ಹೋಗಬಾರದು ನೋಡ್ರಿ ಮೇಡಮ್, ಉಸಿರು ಹೋಗಬೇಕು.’

ಮೂರನೆಯ ರಾತ್ರಿ ಟಕ್ಕು ಸಿಕ್ಕಿತು.

ಒಂದು ಎಣಿಕೆ ತಡವೆಂದರೆ
ಹೆಬ್ಬೆರಳಿನ ಅಗಲದಷ್ಟು ದೂರ.
ನಾಲ್ಕನೆಯದು ಮೊದಲು ಕೇಳಿತ್ತು.
ಒಂದನೆಯದಕ್ಕೆ ಎಂಬತ್ತೈದು ಎಣಿಕೆ ತಡ,
ಅಂದರೆ ನಾಲ್ಕು ಮೊಳ ಹೆಚ್ಚು ದೂರ.
ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆಯುತ್ತ ಹೋದೆ.
ಗೆರೆಗಳು ಕೂಡಿದ್ದು ರೋಲರಿನ ಬಳಿ ಅಲ್ಲ,
ಎಲಿವೇಟರಿನ ಬುಡದಲ್ಲೂ ಅಲ್ಲ;
ಹೆಂಗಸರು ಮೊರ ಹಿಡಿದು ಕೂರುವ ಮೂಲೆಯಲ್ಲಿ,
ಅಟ್ಟಕ್ಕೆ ಹೋಗುವ ಕಬ್ಬಿಣದ ಪೈಪಿನ ಹತ್ತಿರ.
ಅಲ್ಲಿ ಮೋಟರಿಲ್ಲ, ಬೆಲ್ಟಿಲ್ಲ.
ಲೆಕ್ಕ ತಪ್ಪಿತೆಂದು ಮತ್ತೆ ಎಣಿಸಿದೆ.

ಎರಡೂವರೆಗೆ ಚೀಲಗಳ ಹಿಂದೆ ನಿಂತು ನೋಡಿದೆ.
ಲಾಲಬಿ ಸೊಂಟದಿಂದ ಒಂದು ಬೋಲ್ಟು ತೆಗೆದು
ಪೈಪಿಗೆ ಬಡಿದಳು. ಎರಡು. ತಡೆದು, ಒಂದು.
ಏಣಿಯಿಂದ ಜಗದೇವಿ ಇಳಿದು ಬಂದಳು ತುರುಬು ಕಟ್ಟಿಕೊಳ್ಳುತ್ತ,
ಕೆನ್ನೆಯ ಮೇಲೆ ಗೋಣಿಯ ಹೆಣಿಗೆ ಅಚ್ಚೊತ್ತಿತ್ತು.
ಮೊರ ಅವಳ ಕೈಗೆ ಬಂತು.
ಲಾಲಬಿ ಮೇಲೆ ಹೋದಳು.
ಮೊರದ ಸದ್ದು ಮಾತ್ರ ಎಲ್ಲಿಯೂ ಕಡಿಯಲಿಲ್ಲ.

ಬೆಳಗ್ಗೆ ಸೇಠರಿಗೆ ಬರೆದುಕೊಟ್ಟೆ:
ಯಂತ್ರಗಳಲ್ಲಿ ದೋಷವಿಲ್ಲ.
ನಾಲ್ಕನೆಯ ಮೈಕಿನ ಬೆಸುಗೆ ಸಡಿಲ,
ಅದರ ಮಾತು ನಂಬುವಂತಿಲ್ಲ.
ಮೊದಲ ಸಾಲು ನಿಜ.
ಅರ್ಧ ಹಣ ಕೊಟ್ಟರು, ಅದೂ ಗೊಣಗಿಕೊಂಡು.

ಹುಸೇನಸಾಬ ನನ್ನ ಸುಣ್ಣದ ಗೆರೆಗಳನ್ನು
ಚಪ್ಪಲಿಯಿಂದ ಒರೆಸುತ್ತ ನಿಂತಿದ್ದ.
‘ಯಾವುದರ ಹೊಟ್ಟ್ಯಾಗೂ ಇಲ್ಲ ಅಂತ
ಮೊದಲ ದಿನಾನೇ ಹೇಳಿದ್ನಲ್ರಿ’ ಎಂದ.
ಚಹಾ ತರಿಸಿದ. ಸಕ್ಕರೆ ಜಾಸ್ತಿಯಾಗಿತ್ತು.

ರೆಕಾರ್ಡನ್ನು ಅಳಿಸಿಲ್ಲ ನಾನು.
ಮೂರನೆಯ ರಾತ್ರಿ ಆರು ನಿಮಿಷ ಕರೆಂಟು ಹೋಗಿತ್ತು,
ಮಿಲ್ಲು ನಿಂತರೂ ಬೋರ್ಡು ಕೇಳುತ್ತಲೇ ಇತ್ತು.
ಎಲ್ಲೋ ಒಂದು ಕಾಳು ಉರುಳುತ್ತದೆ.
ದೂರದ ಹುಮನಾಬಾದ್ ರಸ್ತೆಯಲ್ಲಿ ಲಾರಿ.
ಆಮೇಲೆ ನಾಲ್ಕನೆಯ ಮೈಕಿನಲ್ಲಿ ಒಂದು ಆಕಳಿಕೆ,
ದೊಡ್ಡದು, ಬಾಯಿ ಮುಚ್ಚದೆ ಬಿಟ್ಟದ್ದು;
ಮೂವತ್ತೊಂದು ಎಣಿಕೆ ತಡವಾಗಿ
ಮೂರನೆಯದರಲ್ಲೂ ಅದೇ ಆಕಳಿಕೆ.